ಬಳ್ಳಾರಿಯಲ್ಲಿ ಒಂದೂವರೆ ದಿನ: ಬೆಂಗಳೂರು ಗೆಳೆಯರಿಗೆ ಏನೇನು ತಿನ್ನಿಸಲಿ? (ಆನ್‌ಲೈನ್ ಚರ್ಚೆ; ಪ್ರತಿ ಮಾತಿನ ಮೇಲೆ ಬರೆದವರ ಅಡ್ಡಹೆಸರು ಇದೆ)

ಕೋಟೆ ಕೆಳಗಿನ ಮನೆ

ಈ ಶನಿವಾರ ಬೆಂಗಳೂರಿನಿಂದ ನಾಲ್ಕು ಜನ ಗೆಳೆಯರು ಬರುತ್ತಿದ್ದಾರೆ. ಅವರ ಲೆಕ್ಕದಲ್ಲಿ ಬಳ್ಳಾರಿ ಅಂದರೆ ಹಂಪಿಗೆ ಹೋಗುವಾಗ ಒಂದು ರಾತ್ರಿ ಮಲಗಿ ಏಳುವ ಜಾಗ. "ಅಲ್ಲಿ ತಿನ್ನೋಕೆ ಏನು ಸಿಗುತ್ತೆ, ಬಿಸಿಲು ಬಿಟ್ರೆ?" ಅಂತ ಒಬ್ಬ ಫೋನಲ್ಲಿ ಕೇಳಿದ. ಎಂಟು ವರ್ಷ ಅವರ ಊರಲ್ಲಿ ಇದ್ದು, ಅವರು ಕರೆದಲ್ಲೆಲ್ಲ ಹೋಗಿ, ಸಾಲಲ್ಲಿ ನಿಂತು ದೋಸೆ ತಿಂದವನು ನಾನು. ಈಗ ನನ್ನ ಸರದಿ.

ಶನಿವಾರ ಮಧ್ಯಾಹ್ನ ಒಂದಕ್ಕೆ ಇಳಿಯುತ್ತಾರೆ, ಭಾನುವಾರ ಸಂಜೆ ನಾಲ್ಕಕ್ಕೆ ಹೊರಡುತ್ತಾರೆ. ಒಬ್ಬ ಸಸ್ಯಾಹಾರಿ. ಒಬ್ಬಳಿಗೆ ಖಾರ ಆಗುವುದಿಲ್ಲ. (ಬಳ್ಳಾರಿಗೆ ಬರುತ್ತಿದ್ದಾಳೆ, ಪಾಪ.)

ವಾಪಸ್ ಬಂದ ಮೇಲೆ ನನಗೆ ಗೊತ್ತಾದ ಒಂದು ವಿಷಯ ಹೇಳುತ್ತೇನೆ. ಬೆಂಗಳೂರಲ್ಲಿ ಹೋಟೆಲ್ ಹೆಸರು ಗೊತ್ತಿದ್ದರೆ ಸಾಕು, ಯಾವಾಗ ಹೋದರೂ ಸಿಗುತ್ತದೆ. ನಮ್ಮೂರಲ್ಲಿ ಹೊತ್ತು ಗೊತ್ತಿರಬೇಕು. ಬೆಳಿಗ್ಗೆ ಏಳಕ್ಕೆ ಜನ ಮುತ್ತಿಕೊಂಡಿರುವ ಬಂಡಿ ಹತ್ತಕ್ಕೆ ಇರುವುದೇ ಇಲ್ಲ. ಮಧ್ಯಾಹ್ನ ಎರಡಾದರೆ ರೊಟ್ಟಿ ಖಾಲಿ. ಆಮೇಲೆ ಐದರವರೆಗೆ ಊರೆಲ್ಲ ನೆರಳು ಹುಡುಕಿಕೊಂಡು ಕೂತಿರುತ್ತದೆ. ಕತ್ತಲಾದ ಮೇಲೆ ಮತ್ತೆ ಶುರು. ಅದಕ್ಕೇ ಗಡಿಯಾರ ಇಟ್ಟುಕೊಂಡು ಯೋಜನೆ ಮಾಡಿದ್ದೇನೆ.

ಶನಿವಾರ ಒಂದೂಕಾಲಿಗೆ ಖಾನಾವಳಿ ಊಟ. ಮೂರಕ್ಕೆ ಮನೆ, ನಿದ್ದೆ. ಐದೂವರೆಗೆ ಒಂದು ಒಳ್ಳೆ ಕೆಫೆ, ಎಂಟಕ್ಕೆ ಬಿರಿಯಾನಿ, ಹತ್ತಕ್ಕೆ ಬಾದಾಮಿ ಹಾಲು. ಭಾನುವಾರ ಬೆಳಿಗ್ಗೆ ಆರೂವರೆಗೆ ಕೋಟೆ ಹತ್ತುವುದು, ಇಳಿದು ಬಂದು ವಗ್ಗಾಣಿ (ಮಂಡಕ್ಕಿ ಒಗ್ಗರಣೆ), ಮಿರ್ಚಿ. ಮಧ್ಯಾಹ್ನದ್ದು ಇನ್ನೂ ತೀರ್ಮಾನ ಆಗಿಲ್ಲ. ತಪ್ಪಿದ್ದರೆ ಹೇಳಿ, ಈಗಲೇ ತಿದ್ದಿಕೊಳ್ಳುತ್ತೇನೆ.

ಉಳ್ಳಾಗಡ್ಡಿ

ಐದೂವರೆಗೆ ಕೆಫೆ ಯಾಕಣ್ಣ? ಬೆಂಗಳೂರಿನವರನ್ನು ಬಳ್ಳಾರಿಗೆ ಕರೆಸಿ ಕ್ಯಾಪುಚಿನೋ ಕುಡಿಸುತ್ತೀಯಾ? ಆ ಹೊತ್ತಿಗೆ ಊರಲ್ಲಿ ಎಲ್ಲ ಕಡೆ ಎಣ್ಣೆ ಕಾಯುತ್ತಿರುತ್ತದೆ. ಮಿರ್ಚಿ ತಿನ್ನಿಸು.

ಗಾಂಧಿನಗರದ ಅಕ್ಕ

ಖಾನಾವಳಿ ಮೊದಲು ಇಟ್ಟಿದ್ದು ಒಳ್ಳೆಯದಾಯಿತು ತಮ್ಮಾ. ಆದರೆ ಒಂದೂಕಾಲು ಅಂದರೆ ಒಂದೂಕಾಲೇ. ಬೋರ್ಡ್ ದೊಡ್ಡದಿರುವ ಕಡೆ ಹೋಗಬೇಡ. ಒಳಗಿನಿಂದ ಟಪ್ ಟಪ್ ಅಂತ ರೊಟ್ಟಿ ತಟ್ಟುವ ಸದ್ದು ಕೇಳಿಸಬೇಕು, ಅದೇ ಗುರುತು. ರಾತ್ರಿ ಮಾಡಿಟ್ಟ ಕಡಕ್ ರೊಟ್ಟಿ ಬೇರೆ, ಅದೂ ಚೆನ್ನಾಗಿಯೇ ಇರುತ್ತದೆ. ಮೊದಲ ಸಲ ತಿನ್ನುವವರಿಗೆ ಮಾತ್ರ ಹಂಚಿನಿಂದ ಈಗಷ್ಟೇ ಇಳಿದ ಮೆತ್ತನೆ ಜೋಳದ ರೊಟ್ಟಿ ಕೊಡಿಸು.

ತಟ್ಟೆಯ ಸುತ್ತ ಏನೇನು ಬರುತ್ತದೆ ಅಂತ ಅವರಿಗೆ ಮೊದಲೇ ಹೇಳಿಬಿಡು. ಇಲ್ಲದಿದ್ದರೆ ಎಲ್ಲವನ್ನೂ ಕಲಸಿ ಅನ್ನ ಸಾಂಬಾರ್ ಮಾಡಿಬಿಡುತ್ತಾರೆ. ಎಣ್ಣೆಗಾಯಿ, ಮೊಳಕೆ ಕಾಳಿನ ಪಲ್ಯ, ಪುಂಡಿ ಪಲ್ಯ, ಶೇಂಗಾ ಪುಡಿ, ಗುರೆಳ್ಳು ಪುಡಿ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು. ಮೂಲೆಯಲ್ಲಿ ಒಂದು ಚಿಟಿಕೆ ಕೆಂಪು ಖಾರ ಇರುತ್ತದೆ. ಖಾರ ಆಗದ ಹುಡುಗಿಗೆ ಅದನ್ನು ತೋರಿಸಿ, "ಇದು ನಿನಗಲ್ಲ" ಅಂತ ಹೇಳಿಬಿಡು. ಶೇಂಗಾ ಪುಡಿಗೆ ಮೊಸರು ಹಾಕಿ ಕಲಸಿ ಕೊಡು, ಅದರಲ್ಲೇ ಎರಡು ರೊಟ್ಟಿ ಇಳಿಯುತ್ತದೆ.

ಪುಂಡಿ ಪಲ್ಯ ಮಾತ್ರ ಬಿಡಬಾರದು. ಆಂಧ್ರದವರು ಗೋಂಗೂರ ಅನ್ನುತ್ತಾರಲ್ಲ, ಅದೇ ಸೊಪ್ಪು. ಅವರು ಹೆಚ್ಚಾಗಿ ಪಚ್ಚಡಿ ಮಾಡಿ ಅನ್ನಕ್ಕೆ ಹಾಕಿಕೊಳ್ಳುತ್ತಾರೆ. ನಾವು ಜೋಳದ ನುಚ್ಚು, ಬೇಳೆ ಹಾಕಿ ಬೇಯಿಸಿ ರೊಟ್ಟಿಗೆ ಹಚ್ಚುತ್ತೇವೆ.

ಕೌಲ್‌ಬಜಾರ್ ಕಡೆಯವ

ಸರ್, ನಿಮ್ಮ ಗಡಿಯಾರದಲ್ಲಿ ದೊಡ್ಡ ತಪ್ಪಿದೆ. ಈಗ ರಂಜಾನ್ ನಡೆಯುತ್ತಿದೆ. ನಮ್ಮ ಕಡೆ ಹಗಲಲ್ಲಿ ಬಂದರೆ ಅರ್ಧ ಅಂಗಡಿಗಳ ಶಟರ್ ಇಳಿದಿರುತ್ತದೆ. ಉಪವಾಸ ಬಿಡುವ ಹೊತ್ತು ಆರೂವರೆ ಆಸುಪಾಸು. ಆಗ ಎಲ್ಲರೂ ಖರ್ಜೂರ, ಹಣ್ಣು ಹಿಡಿದುಕೊಂಡಿರುತ್ತಾರೆ. ಆ ಗಡಿಬಿಡಿಯಲ್ಲಿ ಬಂದು "ನಾಲ್ಕು ಬಿರಿಯಾನಿ" ಅನ್ನಬೇಡಿ. ನಮಾಜ್ ಮುಗಿದು ಜನ ರಸ್ತೆಗೆ ಬಂದ ಮೇಲೆ, ಅಂದರೆ ಒಂಬತ್ತೂವರೆ ಹತ್ತಕ್ಕೆ ಬನ್ನಿ. ಬಿರಿಯಾನಿ ವರ್ಷವಿಡೀ ಸಿಗುತ್ತದೆ ಬಿಡಿ. ಈ ತಿಂಗಳು ಹಲೀಮ್ ತಿನ್ನಬೇಕು.

ಗೋಧಿ, ಬೇಳೆ, ಮಾಂಸ ಒಟ್ಟಿಗೆ ಹಾಕಿ ಮಧ್ಯಾಹ್ನದಿಂದಲೇ ಬೇಯಿಸುತ್ತಾರೆ. ಹಂಡೆಯ ಎರಡು ಕಡೆ ಇಬ್ಬರು ನಿಂತು ಉದ್ದನೆಯ ಮರದ ಘೋಟ್ನಿಯಲ್ಲಿ ಕುಟ್ಟುತ್ತಾರೆ. ಕುಟ್ಟಿ ಕುಟ್ಟಿ ಕೊನೆಗೆ ಮಾಂಸ ಯಾವುದು, ಗೋಧಿ ಯಾವುದು ಅಂತ ಗೊತ್ತಾಗಬಾರದು. ಚಮಚ ಎತ್ತಿದರೆ ದಾರದ ಹಾಗೆ ಎಳೆ ಬರಬೇಕು. ಮೇಲೆ ತುಪ್ಪ, ಕರಿದ ಈರುಳ್ಳಿ, ಪುದೀನ, ಒಂದು ಹೋಳು ನಿಂಬೆ. ಖಾರ ಜಾಸ್ತಿ ಇರಲ್ಲ, ಆ ಹುಡುಗಿಗೂ ನಡೆಯುತ್ತದೆ.

ಸಸ್ಯಾಹಾರಿ ಗೆಳೆಯನಿಗೆ ಪಕ್ಕದಲ್ಲೇ ಫಾಲೂದಾ ಇದೆ. ಕಾಮಕಸ್ತೂರಿ ಬೀಜ, ಶಾವಿಗೆ, ಗುಲಾಬಿ ಶರಬತ್ತು, ಹಾಲು, ಮೇಲೊಂದು ಐಸ್‌ಕ್ರೀಂ ಉಂಡೆ. ಹೊಟ್ಟೆ ತುಂಬುತ್ತದೆ. ಜೆಲ್ಲಿ ಇದೆಯಾ ಅಂತ ಒಂದು ಮಾತು ಕೇಳಿಕೊಳ್ಳಲಿ, ಕೆಲವು ಕಡೆ ಹಾಕುತ್ತಾರೆ, ಅದು ಸಸ್ಯಾಹಾರಿ ಅಲ್ಲದೆಯೂ ಇರಬಹುದು.

ರಾಯಚೂರು ಬಿಸಿಲು

ಹಲೀಮ್ ತಿನ್ನಲು ಬಳ್ಳಾರಿಯಾ? ನಮ್ಮ ರಾಯಚೂರಿಗೆ ಕರೆದುಕೊಂಡು ಬನ್ನಿ. 1948ರವರೆಗೆ ನಾವು ಹೈದರಾಬಾದ್ ಸಂಸ್ಥಾನದಲ್ಲಿ ಇದ್ದವರು. ಬಿರಿಯಾನಿ, ಇರಾನಿ ಚಾಯ್, ಖುಬಾನಿ ಕಾ ಮೀಠಾ, ಡಬಲ್ ಕಾ ಮೀಠಾ ಎಲ್ಲ ನಮಗೆ ಮನೆ ಅಡುಗೆ ಇದ್ದ ಹಾಗೆ. ನೀವು ಮದ್ರಾಸ್ ಪ್ರಾಂತ್ಯದವರು, ಇಡ್ಲಿ ತಿನ್ನಿ.

ಕೌಲ್‌ಬಜಾರ್ ಕಡೆಯವ

ಅಣ್ಣಾ, ಬಳ್ಳಾರಿಯೂ ನಿಜಾಮನದ್ದೇ ಇತ್ತು. 1800ರಲ್ಲಿ ಬ್ರಿಟಿಷರಿಗೆ ಬಿಟ್ಟುಕೊಟ್ಟ. ಅಲ್ಲಿಂದ ನೂರೈವತ್ತು ವರ್ಷ ನಾವೇನು ಉಪವಾಸ ಇದ್ದೆವಾ? ದಂಡಿನ ಪ್ರದೇಶ ಇದು, ಎಲ್ಲೆಲ್ಲಿಂದಲೋ ಸಿಪಾಯಿಗಳು ಬಂದರು, ಅವರ ಹಿಂದೆ ಅಡುಗೆಯವರೂ ಬಂದರು. ಖುಬಾನಿ ಮಾತ್ರ ಒಪ್ಪಿಕೊಳ್ಳುತ್ತೇನೆ, ಅದರಲ್ಲಿ ನಿಮ್ಮದೇ ಕೈ ಮೇಲು.

ರಾಯಚೂರು ಬಿಸಿಲು

ಒಪ್ಪಿಕೊಂಡಿರಲ್ಲ, ಸಾಕು.

ಅನಂತಪುರದ ಅಳಿಯ

ಯಾರೂ ವಗ್ಗಾಣಿ ಬಗ್ಗೆ ಬಾಯಿ ಬಿಡುತ್ತಿಲ್ಲ, ಅದಕ್ಕೇ ನಾನು ಶುರು ಮಾಡುತ್ತೇನೆ. ಅದು ಉಗ್ಗಾನಿ. ರಾಯಲಸೀಮೆಯದು. ನಮ್ಮ ಅತ್ತೆ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಉಗ್ಗಾನಿ ಬಜ್ಜಿ ಬಿಟ್ಟು ಬೇರೆ ಮಾಡುವುದೇ ಇಲ್ಲ. ಬಳ್ಳಾರಿಯವರು ಹೆಸರು ತಿರುಚಿಕೊಂಡಿದ್ದೀರಿ.

ಉಳ್ಳಾಗಡ್ಡಿ

ಬಂದ ನೋಡಿ ಅಳಿಯ. ಒಗ್ಗರಣೆ ಅನ್ನೋದು ಯಾವ ಭಾಷೆ ಮಾತು? ಒಗ್ಗರಣೆ, ಒಗ್ಗರಣಿ, ವಗ್ಗಾಣಿ, ಅಲ್ಲಿಂದ ಉಗ್ಗಾನಿ. ನಿಮ್ಮ ಅತ್ತೆಗೆ ನಮಸ್ಕಾರ ಹೇಳಿ.

ಬ್ರೂಸ್‌ಪೇಟೆ ನಿವೃತ್ತ

ಇಬ್ಬರೂ ಜಗಳ ಬಿಡಿ. ಅನಂತಪುರ ಅನ್ನೋ ಜಿಲ್ಲೆ ಹುಟ್ಟಿದ್ದೇ 1882ರಲ್ಲಿ, ಅದೂ ಬಳ್ಳಾರಿ ಜಿಲ್ಲೆಯನ್ನು ಒಡೆದು. ಅದಕ್ಕೂ ಮೊದಲು ಎರಡೂ ಒಂದೇ ಕಚೇರಿಯ ಕೆಳಗೆ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರ್ 1ಕ್ಕೆ. ಅವತ್ತೇ ಆದೋನಿ, ಆಲೂರು, ರಾಯದುರ್ಗ ಆಂಧ್ರದ ಕಡೆ ಹೋದವು. ಮಂಡಾಳಿಗೆ, ಅಂದರೆ ಮಂಡಕ್ಕಿಗೆ, ಗಡಿ ಗೊತ್ತಿಲ್ಲ. ನಮ್ಮ ತಂದೆಯವರು ಆದೋನಿಯಲ್ಲಿ ತಿನ್ನುತ್ತಿದ್ದ ತಿಂಡಿಯನ್ನೇ ನಾನು ಇಲ್ಲಿ ತಿನ್ನುತ್ತಿದ್ದೇನೆ.

ಇನ್ನು ಕೋಟೆ ಮನೆಯವರಿಗೆ ಒಂದು ಮಾತು. ವಗ್ಗಾಣಿಯನ್ನು ದೊಡ್ಡ ಹೋಟೆಲ್‌ನಲ್ಲಿ ಕೊಡಿಸಬೇಡಿ. ಅಲ್ಲಿ ಮಾಡಿಟ್ಟು ಮುಚ್ಚಿರುತ್ತಾರೆ, ಮಂಡಾಳು ಬೆವರಿ ಮುದ್ದೆ ಆಗಿರುತ್ತದೆ. ನಾನು ಬೆಳಿಗ್ಗೆ ನಡೆಯಲು ಹೋಗುವ ದಾರಿಯಲ್ಲಿ ಒಬ್ಬ ತಾಯಿ ಮಾಡುತ್ತಾರೆ. ಬೋರ್ಡ್ ಇಲ್ಲ, ಮೂರು ಸ್ಟೂಲು, ಒಂದು ಬೇವಿನ ಮರ. ಅವರ ಕೈಯನ್ನು ನೋಡುತ್ತಾ ನಿಂತುಬಿಡುತ್ತೇನೆ. ಬಕೆಟ್ ನೀರಿಗೆ ಮಂಡಾಳು ಸುರಿಯುತ್ತಾರೆ, ಅಂಗೈಯಲ್ಲಿ ಒಮ್ಮೆ ಒತ್ತಿ ಮುಳುಗಿಸುತ್ತಾರೆ, ತಕ್ಷಣ ಎರಡೂ ಕೈಯಲ್ಲಿ ಬಾಚಿ ಹಿಂಡಿ ಬುಟ್ಟಿಗೆ ಹಾಕುತ್ತಾರೆ. ಬಾಣಲೆಯಲ್ಲಿ ಆಗಲೇ ಸಾಸಿವೆ, ಕರಿಬೇವು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನ ಬೆಂದಿರುತ್ತದೆ. ಮಂಡಾಳು ಹಾಕಿ ನಾಲ್ಕು ಸಲ ಮೇಲೆ ಕೆಳಗೆ. ಕೊನೆಗೆ ಒಂದು ಹಿಡಿ ಪುಟಾಣಿ (ಹುರಿಗಡಲೆ) ಪುಡಿ, ನಿಂಬೆ. ಆ ಪುಟಾಣಿ ಪುಡಿ ಉಳಿದ ನೀರನ್ನೆಲ್ಲ ಹೀರಿಕೊಳ್ಳುತ್ತದೆ, ಅದಕ್ಕೇ ಉದುರು ಉದುರಾಗಿ ಇರುತ್ತದೆ. ಪಕ್ಕಕ್ಕೆ ಎರಡು ಮಿರ್ಚಿ. ಮೆಣಸಿನಕಾಯಿ ಸೀಳಿ ಒಳಗೆ ಹುಣಸೆ, ಜೀರಿಗೆ, ಉಪ್ಪು ತುಂಬಿರುತ್ತಾರೆ. ಒಂಬತ್ತಕ್ಕೆ ಬಾಣಲೆ ತೊಳೆದಿಡುತ್ತಾರೆ. ಒಂಬತ್ತೂಕಾಲಿಗೆ ಹೋದರೆ ಬೇವಿನ ಮರ ಮಾತ್ರ ಸಿಗುತ್ತದೆ.

ಕೋಟೆ ಕೆಳಗಿನ ಮನೆ

ಸರ್, ಆ ಬೇವಿನ ಮರದ ಗುರುತು ನನಗೆ ಬೇರೆಯಾಗಿ ಕಳಿಸಿ. ಇಲ್ಲಿ ಹಾಕಿದರೆ ಮುಂದಿನ ವಾರ ನಮಗೇ ಸ್ಟೂಲು ಸಿಗಲ್ಲ.

ತೋರಣಗಲ್ಲು ಬಿ ಶಿಫ್ಟ್

ಭಾನುವಾರ ಮಧ್ಯಾಹ್ನಕ್ಕೆ ನನ್ನದೊಂದು ಸಲಹೆ. ಹೇಗೂ ಹಂಪಿಗೆ ಹೊಸಪೇಟೆ ರಸ್ತೆಯಲ್ಲೇ ಹೋಗಬೇಕಲ್ಲ, ದಾರಿಯಲ್ಲಿ ಢಾಬಾ ನೋಡಿ. ತೋರಣಗಲ್ಲು ಇಲ್ಲಿಂದ ಸುಮಾರು 30 ಕಿಲೋಮೀಟರ್. ಸ್ಟೀಲ್ ಕಾರ್ಖಾನೆಗೆ ಬಿಹಾರ, ಒಡಿಶಾ, ಜಾರ್ಖಂಡ್ ಕಡೆಯವರು ಕೆಲಸಕ್ಕೆ ಬಂದಿದ್ದಾರೆ. ಅವರಿಗಾಗಿ ನಡೆಯುವ ಚಿಕ್ಕ ಊಟದ ಮನೆಗಳಲ್ಲಿ ಲಿಟ್ಟಿ ಚೋಖಾ ಸಿಗುತ್ತದೆ. ಸಾಸಿವೆ ಎಣ್ಣೆಯ ಮೀನು ಸಾರು ಸಿಗುತ್ತದೆ. ಬಳ್ಳಾರಿ ಜಿಲ್ಲೆಯಲ್ಲಿ ಇದೂ ಒಂದು ಊಟ ಅಂತ ಎಷ್ಟು ಜನರಿಗೆ ಗೊತ್ತಿದೆ?

ಅದಿರಿನ ಕಾಲದಲ್ಲಿ ಈ ರಸ್ತೆ ನೋಡಬೇಕಿತ್ತು. ರಾತ್ರಿ ಎರಡು ಗಂಟೆಗೂ ಲಾರಿ ಸಾಲು, ಎರಡೂ ಕಡೆ ಢಾಬಾ ಬೆಂಕಿ. ರೊಟ್ಟಿ ಮೇಲೂ ಕೆಂಪು ಧೂಳು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು, ಆಮೇಲೆ ಒಂದೊಂದೇ ಒಲೆ ಆರುತ್ತಾ ಹೋಯಿತು. ನಾನು ದಿನಾ ಊಟ ಮಾಡುತ್ತಿದ್ದ ಢಾಬಾದ ಅಡುಗೆಯವನು ಊರಿಗೆ ಹೋದವನು ಬರಲಿಲ್ಲ. ಅವನ ದಾಲ್ ಫ್ರೈ ರುಚಿ ಇನ್ನೂ ಎಲ್ಲೂ ಸಿಕ್ಕಿಲ್ಲ.

ಹಾಸ್ಟೆಲ್ ಹಸಿವು

ಹಿರಿಯರೆಲ್ಲ ಮಾತಾಡಿದ್ದೀರಿ, ಈಗ ಬಡ ವಿದ್ಯಾರ್ಥಿ ಮಾತು ಕೇಳಿ. ಕೆಫೆಯನ್ನು ಪಟ್ಟಿಯಿಂದ ತೆಗೆಯಬೇಡಿ. ನಾವು ವಿಮ್ಸ್ ಮೆಡಿಕಲ್ ಕಾಲೇಜಿನ ಕಡೆಯವರು ಕೆಫೆಗೆ ಹೋಗುವುದು ತಿನ್ನಲು ಅಲ್ಲ, ಎಸಿಗೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟಿದಾಗ ಹಾಸ್ಟೆಲ್ ಫ್ಯಾನ್ ಬಿಸಿ ಗಾಳಿಯನ್ನೇ ಅಲ್ಲಿಂದಿಲ್ಲಿಗೆ ದೂಡುತ್ತಿರುತ್ತದೆ. ಒಂದು ಕೋಲ್ಡ್ ಕಾಫಿ, ಮೂರು ಸ್ಟ್ರಾ, ಮೂರು ಗಂಟೆ ಓದು. ಮಾಲೀಕರು ಒಳ್ಳೆಯವರು, ಏನೂ ಅನ್ನಲ್ಲ.

ಸಂಜೆ ಬಂಡಿಗಳ ಬಗ್ಗೆ ಒಂದು ಎಚ್ಚರಿಕೆ. ಗೋಬಿ ತಿನ್ನುವುದಾದರೆ ಬಣ್ಣ ನೋಡಿ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ ನಿಷೇಧ ಮಾಡಿತು. ಬಣ್ಣದ ಬೊಂಬಾಯಿ ಮಿಠಾಯಿಗೂ ಅದೇ, ಅದರಲ್ಲಿ ರೋಡಮಿನ್-ಬಿ ಸಿಕ್ಕಿತ್ತು. ಬಟ್ಟೆಗೆ ಹಾಕುವ ಬಣ್ಣ ಅದು. ಜೂನ್‌ನಲ್ಲಿ ಕಬಾಬಿಗೂ ಬಂತು. ಈಗ ನಮ್ಮ ಬಂಡಿಯಣ್ಣನ ಗೋಬಿ ಕಂದು ಬಣ್ಣಕ್ಕೆ ಇರುತ್ತದೆ. ಮೊದಮೊದಲು ನಮಗೇ ಬೇಜಾರಾಗಿತ್ತು, "ಅಣ್ಣಾ ಸುಟ್ಟಿದೆಯಾ" ಅಂತ ಕೇಳಿದ್ದೆವು. ಈಗ ಎಲ್ಲಾದರೂ ಕೆಂಪಗೆ ಹೊಳೆಯುತ್ತಿದ್ದರೆ ನಾವೇ ಮುಂದೆ ಹೋಗುತ್ತೇವೆ.

ಕೋಟೆ ಕೆಳಗಿನ ಮನೆ

ಕೆಫೆ ವಿಷಯ ಬಂತಲ್ಲ, ನನ್ನ ಅಳಲು ಹೇಳಿಬಿಡುತ್ತೇನೆ. ಹೆಸರು ಹೇಳಲ್ಲ. ಹೋದ ತಿಂಗಳು ಹೆಂಡತಿ ಹುಟ್ಟುಹಬ್ಬಕ್ಕೆ ಹೊಸದಾಗಿ ತೆರೆದ ಒಂದು ಡೆಸರ್ಟ್ ಅಂಗಡಿಗೆ ಹೋದೆವು. ಗೋಡೆ ತುಂಬ ಇಂಗ್ಲಿಷ್ ಬರಹ, ನಿಯಾನ್ ರೆಕ್ಕೆ, ಫೋಟೋ ತೆಗೆಸಿಕೊಳ್ಳಲು ಒಂದು ಉಯ್ಯಾಲೆ. ಚೀಸ್‌ಕೇಕ್ ತರಿಸಿದೆವು, ಒಂದು ತುಂಡಿಗೆ 220 ರೂಪಾಯಿ. ಫೋರ್ಕ್ ಚುಚ್ಚಿದರೆ ಟಣ್ ಅಂತು. ಒಳಗೆ ಪೂರ್ತಿ ಐಸ್. ಹುಡುಗನನ್ನು ಕರೆದೆ. ಅವನು ಬಹಳ ಪ್ರಾಮಾಣಿಕ, "ಸರ್, ಬೆಂಗಳೂರಿಂದ ಬರುತ್ತೆ, ಹತ್ತು ನಿಮಿಷ ಬಿಡಿ, ಬಳ್ಳಾರಿ ಬಿಸಿಲಿಗೆ ಸರಿಹೋಗುತ್ತೆ" ಅಂದ. ಕಾದೆವು. ಸರಿಹೋಗಲಿಲ್ಲ, ಸೋರಿಹೋಯಿತು.

ಆ ಗೆಳೆಯರು ಅಲ್ಲಿಂದಲೇ ಬರುವವರು. ಅವರ ಊರಿನ ಐಸ್ ಅವರಿಗೇ ತಿನ್ನಿಸುವುದು ಬೇಡ. ಐದೂವರೆಗೆ ಮಿರ್ಚಿ ಅಂತ ಬದಲಾಯಿಸಿದೆ. ಉಳ್ಳಾಗಡ್ಡಿ ಗೆದ್ದರು. ಸಿಹಿಗೆ ಏನು ಮಾಡಲಿ?

ಗಾಂಧಿನಗರದ ಅಕ್ಕ

ಸಿಹಿ ಅಂದರೆ ಶೇಂಗಾ ಹೋಳಿಗೆ ತಮ್ಮಾ! ಮನೆಯಲ್ಲೇ ಮಾಡಿ ಮಾರುವವರು ಪಾರ್ವತಿ ನಗರ, ಗಾಂಧಿನಗರ ಎರಡೂ ಕಡೆ ಇದ್ದಾರೆ. ಹಿಂದಿನ ದಿನ ಹೇಳಿದರೆ ಮಾಡಿಕೊಡುತ್ತಾರೆ. ವಾರ ಇಟ್ಟರೂ ಕೆಡಲ್ಲ, ಹಂಪಿಗೂ ಕಟ್ಟಿಕೊಡು.

ಬ್ರೂಸ್‌ಪೇಟೆ ನಿವೃತ್ತ

ಮಧ್ಯಾಹ್ನ ಮೂರಕ್ಕೆ ನಿದ್ದೆಗೆ ಮೊದಲು ಒಂದು ಲೋಟ ಸುಗಂಧಿ ಶರಬತ್ತು ಕುಡಿಸಿ. ಸೊಗದೆ ಬೇರಿನಿಂದ ಮಾಡುತ್ತಾರೆ, ಆಂಧ್ರದವರು ನನ್ನಾರಿ ಅನ್ನುತ್ತಾರೆ. ಐಸ್, ನಿಂಬೆ, ಸೋಡಾ ಹಾಕಿ ಕೊಡುತ್ತಾರೆ. ಮೊದಲ ಗುಟುಕಿಗೆ ಔಷಧಿ ಅನ್ನಿಸುತ್ತದೆ, ಮೂರನೆಯದಕ್ಕೆ ಇನ್ನೊಂದು ಲೋಟ ಕೇಳುತ್ತಾರೆ. ಬಣ್ಣ ಕಡು ಕಂದು ಇದ್ದು ಬರೀ ಸಕ್ಕರೆ ರುಚಿ ಬಂದರೆ ಅದು ಎಸೆನ್ಸ್. ಬೇರಿನ ವಾಸನೆ ಮೂಗಿಗೆ ಮೊದಲು ಬರಬೇಕು.

ಕೊಪ್ಪಳ ದಾರಿಹೋಕಿ

ಸುಮ್ನೆ ಓದುತ್ತಿದ್ದೆ, ಹಸಿವಾಯಿತು. ಖಾರ ದೋಸೆ ಯಾರೂ ಹೇಳಲಿಲ್ಲವಲ್ಲ? ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ ರುಬ್ಬಿ ಹಚ್ಚಿ, ಮೇಲೆ ಪುಟಾಣಿ ಪುಡಿ ಉದುರಿಸಿದ್ದು. ಬಳ್ಳಾರಿಗೆ ಬಟ್ಟೆ ತರಲು ಬಂದಾಗೆಲ್ಲ ಇಲ್ಲಿನ ಬೆಂಗಳೂರು ರಸ್ತೆಯ ಅಂಗಡಿಗಳನ್ನು ಮುಗಿಸಿ ಅದನ್ನು ತಿಂದೇ ಬಸ್ ಹತ್ತುವುದು.

ಕೋಟೆ ಕೆಳಗಿನ ಮನೆ

ಎಲ್ಲರಿಗೂ ವರದಿ ಒಪ್ಪಿಸಬೇಕಲ್ಲ. ಮೊನ್ನೆ ಹೋದರು. ಯೋಜನೆ ಅರ್ಧ ನಡೆಯಿತು, ಅರ್ಧ ದಾರಿ ತಪ್ಪಿತು.

ರೈಲು ಐವತ್ತು ನಿಮಿಷ ತಡ. ಖಾನಾವಳಿಗೆ ಎರಡೂಕಾಲಿಗೆ ಹೋದರೆ ಬಿಸಿ ರೊಟ್ಟಿ ಮುಗಿದಿತ್ತು. ಅಕ್ಕಾ, ನೀವು ಹೇಳಿದ ಹಾಗೇ ಆಯಿತು. ಕಡಕ್ ರೊಟ್ಟಿ ಕೊಟ್ಟರು. ಗೆಳೆಯ ಅದನ್ನು ಹಪ್ಪಳ ಅಂದುಕೊಂಡು ಒಂದರ ಮೇಲೊಂದು ಮುರಿದು ತಿಂದ, ಆಮೇಲೆ "ರೊಟ್ಟಿ ಯಾವಾಗ ಬರುತ್ತೆ?" ಅಂದ. ಬಡಿಸುವವರು ನಕ್ಕು ಮೊಸರಿನ ಬಟ್ಟಲು ಇಟ್ಟು, "ಅದ್ದಿ ತಿನ್ರಿ, ಮೆತ್ತಗಾಗುತ್ತೆ" ಅಂದರು. ಪುಂಡಿ ಪಲ್ಯ ಮೂರು ಸಲ ಹಾಕಿಸಿಕೊಂಡರು.

ಸಂಜೆ ಮಿರ್ಚಿ ಬಂಡಿ ಮುಂದೆ ಖಾರ ಆಗದ ಹುಡುಗಿ ಬಾಳೆಕಾಯಿ ಬಜ್ಜಿ ತಿನ್ನುತ್ತಾ ನಿಂತಿದ್ದಳು. ನೋಡಿ ನೋಡಿ ಆಸೆಯಾಗಿ ಒಂದು ಮಿರ್ಚಿ ಕಚ್ಚಿದಳು. ಬಂಡಿಯವರು ಏನೂ ಹೇಳದೆ ಒಂದು ಹಿಡಿ ಒಣ ಮಂಡಾಳು ಅವಳ ಕೈಗೆ ಹಾಕಿದರು. ಅದನ್ನು ತಿಂದರೆ ಉರಿ ಇಳಿಯುತ್ತದೆ ಅಂತ ನನಗೂ ಗೊತ್ತಿರಲಿಲ್ಲ. ಅರ್ಧ ಮಿರ್ಚಿ ಮುಗಿಸಿದಳು. ಮಿಕ್ಕ ಅರ್ಧ ನನಗೆ ಬಂತು.

ಹಲೀಮ್‌ಗೆ ಹತ್ತಕ್ಕೆ ಹೋದೆವು. ಬೀದಿಯ ಬೆಳಕು, ಮಕ್ಕಳು, ಬಟ್ಟೆ ಅಂಗಡಿ, ಅತ್ತರಿನ ವಾಸನೆ. ಗೆಳೆಯರು ಗಡಿಯಾರ ನೋಡಿ "ಇದು ಬಳ್ಳಾರಿಯಾ?" ಅಂದರು. ಸಸ್ಯಾಹಾರಿ ಗೆಳೆಯ ಎರಡು ಫಾಲೂದಾ ಕುಡಿದ. ಬಾದಾಮಿ ಹಾಲಿಗೆ ಯಾರ ಹೊಟ್ಟೆಯಲ್ಲೂ ಜಾಗ ಇರಲಿಲ್ಲ.

ಬೆಳಿಗ್ಗೆ ಕೋಟೆಯ ಮೇಲೆ ಹೈದರಾಲಿ ಕಥೆ ಹೇಳಿದೆ. ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಇದೆ ಅಂತ ಆಮೇಲೆ ಗೊತ್ತಾಗಿ, ಕಟ್ಟಿಸಿದ ಫ್ರೆಂಚ್ ಎಂಜಿನಿಯರನ್ನೇ ಗಲ್ಲಿಗೇರಿಸಿದ ಅನ್ನುತ್ತಾರಲ್ಲ, ಅದೇ. ಕಥೆ ಉದ್ದವಾಯಿತು. ಇಳಿದು ಓಡಿ ಬೇವಿನ ಮರ ತಲುಪಿದಾಗ ಎಂಟು ಐವತ್ತು. ತಾಯಿ ಬಾಣಲೆ ಎತ್ತುತ್ತಿದ್ದರು. ನಮ್ಮ ಐದು ಜನರ ಮುಖ ನೋಡಿ ಮತ್ತೆ ಒಲೆ ಹಚ್ಚಿದರು.

ಹೊಸಪೇಟೆ ರಸ್ತೆಯ ಢಾಬಾ ಕೈಬಿಟ್ಟೆವು, ಮಧ್ಯಾಹ್ನ ಯಾರಿಗೂ ಹಸಿವೇ ಆಗಲಿಲ್ಲ. ತೋರಣಗಲ್ಲಿನವರು ಕ್ಷಮಿಸಬೇಕು. ಲಿಟ್ಟಿ ಚೋಖಾಗೆ ನಾನೊಬ್ಬನೇ ಬರುತ್ತೇನೆ.

ಹೋಗುವಾಗ ಒಬ್ಬ ಎರಡು ಕಿಲೋ ಮಂಡಾಳು, ಒಂದು ಪೊಟ್ಟಣ ಪುಟಾಣಿ ಪುಡಿ ಕೊಂಡುಹೋದ. ಇವತ್ತು ಬೆಳಿಗ್ಗೆ ಫೋಟೋ ಕಳಿಸಿದ್ದಾನೆ. ಬಾಣಲೆಯಲ್ಲಿ ಹಳದಿ ಗಂಜಿ ಇದೆ. "ನಿಮ್ಮ ಮಂಡಾಳು ಸರಿಯಿಲ್ಲ" ಅಂತಿದ್ದಾನೆ.

ಬ್ರೂಸ್‌ಪೇಟೆ ನಿವೃತ್ತ

ನೀರಲ್ಲಿ ಎಷ್ಟು ಹೊತ್ತು ಬಿಟ್ಟನಂತೆ?

ಕೋಟೆ ಕೆಳಗಿನ ಮನೆ

ಕೇಳಿದೆ ಸರ್. ಅವಲಕ್ಕಿ ಥರ ನೆನೆಯಲಿ ಅಂತ ಹತ್ತು ನಿಮಿಷ ಬಿಟ್ಟು ಸ್ನಾನಕ್ಕೆ ಹೋಗಿದ್ದನಂತೆ.

ಗಾಂಧಿನಗರದ ಅಕ್ಕ

ಅಯ್ಯೋ ಶಿವನೇ. ಉಳಿದ ಮಂಡಾಳು ಒಣದೇ ತಿಂದುಬಿಡಲಿ ಅಂತ ಹೇಳು.